ಪವರ್ ಮೀಟರ್‌ಗೆ ಬಣ್ಣ ಕಾಣಲ್ಲವಂತೆ

ಮಂಜುನಾಥ: [ಫಾರ್ವರ್ಡ್ ಮಾಡಿದ ವಿಡಿಯೊ] "2024ರ ಟೂರ್ ಡಿ ಫ್ರಾನ್ಸ್, ಟ್ಯೂರಿನ್. ಎರಿಟ್ರಿಯಾದ ಬಿನಿಯಮ್ ಗಿರ್ಮಾಯ್ ಎಲ್ಲರನ್ನೂ ಹಿಂದೆ ಹಾಕಿದ ಕ್ಷಣ! ಸೈಕಲ್‌ಗೆ ಬಣ್ಣ ಇಲ್ಲ. ಕಾಲಲ್ಲಿ ದಮ್ ಇದ್ದವನು ಗೆಲ್ಲುತ್ತಾನೆ. ತಾರತಮ್ಯ ಎಂದು ಗೊಣಗುವವರಿಗೆ ತಲುಪುವವರೆಗೂ ಶೇರ್ ಮಾಡಿ."

ಪ್ರಭಾ: ಅಬ್ಬಾ! ಮೂರು ಸಲ ನೋಡಿದೆ.

ರಘು: ವಿಡಿಯೊ ಸೂಪರ್. ಜೊತೆಗಿನ ಬರಹ ಮಾತ್ರ ತಲೆಬುಡ ಇಲ್ಲದ್ದು. ಟೂರ್, ಅಂದರೆ ದಿನಕ್ಕೊಂದು ಹಂತದಂತೆ ನಡೆಯುವ ಫ್ರಾನ್ಸಿನ ಆ ಸೈಕಲ್ ರೇಸ್, ಶುರುವಾಗಿದ್ದು 1903ರಲ್ಲಿ. ಕಪ್ಪು ಆಫ್ರಿಕನ್ನನೊಬ್ಬ ಅದರಲ್ಲಿ ಒಂದು ಹಂತ ಗೆಲ್ಲಲು 2024 ಬರಬೇಕಾಯಿತು. 121 ವರ್ಷ ಆ ಇಡೀ ಖಂಡದಲ್ಲಿ ಒಬ್ಬನ ಕಾಲಲ್ಲೂ ದಮ್ ಇರಲಿಲ್ಲವಾ?

ಮಂಜುನಾಥ: ದಮ್ ಇರಲಿಲ್ಲ ಅಂತ ಯಾರು ಹೇಳಿದರು? ಆಸಕ್ತಿ ಇರಲಿಲ್ಲ. ಕೀನ್ಯಾದವರು ಓಡುತ್ತಾರೆ, ಬೆಲ್ಜಿಯಂನವರು ಸೈಕಲ್ ತುಳಿಯುತ್ತಾರೆ. ಪವರ್ ಮೀಟರ್ ಅಂತ ಒಂದಿದೆ ಮಾರಾಯ. ಪೆಡಲ್ ತುಳಿದರೆ ಎಷ್ಟು ವಾಟ್ ಬಂತು ಅಂತ ತೋರಿಸುತ್ತೆ. ಅದಕ್ಕೆ ಚರ್ಮದ ಬಣ್ಣ ಕಾಣಲ್ಲ.

ಶೈಲಜಾ: ಎರಿಟ್ರಿಯಾದವರಿಗೆ ಸೈಕಲ್ ಆಸಕ್ತಿ ಇಲ್ಲವಂತೆ! ಮಂಜು, ಅವರ ರಾಜಧಾನಿ ಅಸ್ಮಾರಾದಲ್ಲಿ ರೇಸ್ ಇದ್ದರೆ ಊರಿಗೆ ಊರೇ ರಸ್ತೆಬದಿಯಲ್ಲಿ ನಿಂತಿರುತ್ತದೆ. ಸೈಕಲ್ ತಂದವರು ಇಟಲಿಯವರು, ಆಳುವಾಗ. ಮೊದಮೊದಲು ರೇಸ್ ಅವರವರಿಗೇ ಮಾತ್ರ. ಅಲ್ಲಿನವರು ನಿಂತು ನೋಡಬಹುದು, ಸೇರುವಂತಿಲ್ಲ. ಆಮೇಲೆ ಅವರು ಅದನ್ನು ತಮ್ಮದೇ ಆಟ ಮಾಡಿಕೊಂಡರು. ಅದೂ ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದ ಊರು. ಶ್ವಾಸಕೋಶಕ್ಕೆ ಅದೇ ದೊಡ್ಡ ತರಬೇತಿ.

ರಘು: ಓಟದ ಜೊತೆ ಹೋಲಿಸಬೇಡ ಮಂಜು. ಮ್ಯಾರಥಾನ್‌ನಲ್ಲಿ ಗಡಿಯಾರ ಹೇಳಿದ್ದೇ ತೀರ್ಪು. ರೋಡ್ ರೇಸ್‌ನಲ್ಲಿ ಮುಂದಿನವನ ಹಿಂದೆ ಅಂಟಿಕೊಂಡು ಹೋದರೆ ಶ್ರಮದಲ್ಲಿ ಸುಮಾರು ಮೂರನೇ ಒಂದು ಭಾಗ ಉಳಿಯುತ್ತದೆ. ಹಾಗಾಗಿ ಇದು ತಂಡದ ಆಟ. ಟೂರ್‌ನಲ್ಲಿ ಒಂದು ತಂಡಕ್ಕೆ 8 ಜನ. ಒಬ್ಬ ಲೀಡರ್, ಉಳಿದವರು ಅವನಿಗೆ ಗಾಳಿ ತಡೆಯಬೇಕು, ಕಾರಿನಿಂದ ಬಾಟಲಿ ತಂದುಕೊಡಬೇಕು. ಯಾರು ಲೀಡರ್, ಯಾರು ಬಾಟಲಿ ಹೊರುವವನು ಅಂತ ಪವರ್ ಮೀಟರ್ ಹೇಳಲ್ಲ. ಮ್ಯಾನೇಜರ್ ಹೇಳುತ್ತಾನೆ.

ಮಂಜುನಾಥ: ಮ್ಯಾನೇಜರ್‌ಗೆ ಗೆಲುವು ಬೇಕು. ಗೆಲ್ಲುವವನನ್ನು ಬಣ್ಣ ನೋಡಿ ಬಿಡೋಕೆ ಅವನಿಗೇನು ಹುಚ್ಚಾ?

ರಘು: ಬಣ್ಣ ನೋಡಿ ಬಿಡಲ್ಲ. "ಬಲ ಇದೆ, ಆದರೆ ಗುಂಪಿನಲ್ಲಿ ಸೈಕಲ್ ನಿಭಾಯಿಸಲು ಬರಲ್ಲ" ಅಂತ ಬಿಡುತ್ತಾನೆ. ಆಫ್ರಿಕಾದ ಸವಾರರ ಬಗ್ಗೆ ಈ ಮಾತು ಎಷ್ಟೋ ವರ್ಷದಿಂದ ಇದೆ. ಈಗ ಯೋಚಿಸು. ಬೆಲ್ಜಿಯಂನ ಕಿರಿದಾದ ರಸ್ತೆ. 170 ಜನ ಭುಜಕ್ಕೆ ಭುಜ ತಾಗಿಸಿಕೊಂಡು ಹೋಗುತ್ತಿದ್ದಾರೆ. ನಿನ್ನ ಮುಂದಿನ ಚಕ್ರಕ್ಕೂ ಮುಂದಿನವನ ಹಿಂದಿನ ಚಕ್ರಕ್ಕೂ ಮಧ್ಯೆ ಒಂದು ಗೇಣು. ಪಕ್ಕದಿಂದ ಗಾಳಿ. ಎಲ್ಲೋ ಒಬ್ಬ ಬ್ರೇಕ್ ಹಿಡಿದರೆ ನಲವತ್ತು ಜನ ನೆಲಕ್ಕೆ. ಅಲ್ಲಿನ ಹುಡುಗ ಚಿಕ್ಕಂದಿನಿಂದ ವಾರಾವಾರ ಮನೆ ಹತ್ತಿರದ ರೇಸ್‌ನಲ್ಲಿ ಇದನ್ನು ಕಲಿತಿರುತ್ತಾನೆ. ಅಸ್ಮಾರಾದ ಹುಡುಗ ಅಂಥ ಗುಂಪನ್ನು ಮೊದಲ ಸಲ ನೋಡುವುದು ಇಪ್ಪತ್ತರ ಹತ್ತಿರ. ಅದೂ ವೀಸಾ ಸಿಕ್ಕರೆ. ವೀಸಾ ಇಲ್ಲದೆ ರೇಸ್ ಇಲ್ಲ, ರೇಸ್ ಇಲ್ಲದೆ ರ‍್ಯಾಂಕಿಂಗ್ ಅಂಕ ಇಲ್ಲ, ಅಂಕ ಇಲ್ಲದೆ ಒಪ್ಪಂದ ಇಲ್ಲ, ಒಪ್ಪಂದ ತೋರಿಸದೆ ವೀಸಾ ಕಷ್ಟ. ಇದನ್ನೆಲ್ಲ ದಾಟಿ ಬಂದವನನ್ನು "ಇವನಿಗೆ ಅನುಭವ ಸಾಲದು" ಅಂತ ಪಕ್ಕಕ್ಕೆ ಕೂರಿಸುತ್ತಾರೆ.

ಪ್ರಭಾ: ಗಿರ್ಮಾಯ್ ಹೇಗೆ ಬಂದ ಹಾಗಾದರೆ?

ರಘು: ಸ್ವಿಟ್ಜರ್ಲೆಂಡ್‌ನ ಏಗ್ಲ್‌ನಲ್ಲಿ ಯುಸಿಐನ, ಅಂದರೆ ವಿಶ್ವ ಸೈಕ್ಲಿಂಗ್ ಸಂಸ್ಥೆಯ, ತರಬೇತಿ ಕೇಂದ್ರ ಇದೆ. 2018ರಲ್ಲಿ ಅಲ್ಲಿಗೆ ಬಂದ. ಅದೇ ವರ್ಷ ಬೆಲ್ಜಿಯಂನ ಒಂದು ಜೂನಿಯರ್ ರೇಸ್‌ನ ಹಂತದಲ್ಲಿ, ಮುಂದೆ ದೊಡ್ಡ ಸ್ಟಾರ್ ಆದ ರೆಮ್ಕೊ ಎವೆನೆಪೂಲ್‌ನನ್ನೇ ಸೋಲಿಸಿದ. 2022ರಲ್ಲಿ ಬೆಲ್ಜಿಯಂನ ಒಂದು ದಿನದ ದೊಡ್ಡ ರೇಸ್ ಗೆಂಟ್-ವೆವೆಲ್ಗೆಮ್ ಗೆದ್ದ, ಅದನ್ನು ಗೆದ್ದ ಮೊದಲ ಆಫ್ರಿಕನ್. 2024ರ ಟೂರ್‌ನಲ್ಲಿ ಮೂರು ಹಂತ, ಮೇಲೆ ಅಂಕಗಳಲ್ಲಿ ಮೊದಲು ಬಂದವನಿಗೆ ಸಿಗುವ ಹಸಿರು ಜೆರ್ಸಿ.

ಶೈಲಜಾ: ಗೆಂಟ್-ವೆವೆಲ್ಗೆಮ್ ಗೆದ್ದ ಮೇಲೆ ಏನು ಮಾಡಿದ ಗೊತ್ತಾ? ಮುಂದಿನ ವಾರ ಬೆಲ್ಜಿಯಂನ ಇನ್ನೂ ದೊಡ್ಡ ರೇಸ್, ಟೂರ್ ಆಫ್ ಫ್ಲಾಂಡರ್ಸ್. ಆ ಫಾರ್ಮ್‌ನಲ್ಲಿ ಇರುವ ಯಾವ ಸವಾರನೂ ಬಿಡಲ್ಲ. ಇವನು ಅಸ್ಮಾರಾಗೆ ಹೊರಟ. ಹೆಂಡತಿ, ಪುಟ್ಟ ಮಗಳನ್ನು ನೋಡಿ ತಿಂಗಳುಗಳೇ ಆಗಿದ್ದವು. ಬೆಲ್ಜಿಯಂನ ಸವಾರ ರೇಸ್ ಮುಗಿಸಿ ರಾತ್ರಿ ಊಟಕ್ಕೆ ಮನೆಗೆ ಹೋಗುತ್ತಾನೆ. ಈ ಲೆಕ್ಕವನ್ನು ಯಾವ ವಾಟ್‌ನಲ್ಲಿ ಅಳೆಯುತ್ತೀಯ?

ಅನ್ವರ್: ಒಂದು ನಿಮಿಷ. ನಾನು ಮಂಜು ಕಡೆ ಸ್ವಲ್ಪ ವಾಲುತ್ತೇನೆ. ಕೊಲಂಬಿಯಾದವರು ಬಂದರಲ್ಲ? ಎಗಾನ್ ಬೆರ್ನಾಲ್ 2019ರ ಟೂರ್ ಗೆದ್ದ. ಈಕ್ವೆಡಾರ್‌ನ ಕರಪಾಸ್ ಅದೇ ವರ್ಷ ಇಟಲಿಯ ದೊಡ್ಡ ರೇಸ್ ಜಿರೊ ಡಿ'ಇಟಾಲಿಯಾ ಗೆದ್ದ, ಟೋಕಿಯೋದಲ್ಲಿ ಒಲಿಂಪಿಕ್ ಚಿನ್ನವನ್ನೂ ಗೆದ್ದ. ಅವರೂ ಯುರೋಪಿನವರಲ್ಲ.

ಮಂಜುನಾಥ: ಅದೇ! ಥ್ಯಾಂಕ್ಸ್ ಅನ್ವರ್.

ಶೈಲಜಾ: ಒಳ್ಳೆ ಉದಾಹರಣೆ ಕೊಟ್ಟೆ ಅನ್ವರ್, ಆದರೆ ನನ್ನ ಕಡೆಗೆ. ಕೊಲಂಬಿಯಾದವರು 1951ರಿಂದ ತಮ್ಮದೇ ದೊಡ್ಡ ರೇಸ್ ನಡೆಸುತ್ತಿದ್ದಾರೆ. 1983ರಲ್ಲಿ ಅವರ ತಂಡ ಟೂರ್‌ಗೆ ಬಂತು. ಆಮೇಲೆ ಕಾಫಿ ಬೆಳೆಗಾರರ ದುಡ್ಡಿನಲ್ಲಿ ಒಂದು ತಂಡ ನಡೆಯಿತು. 1987ರಲ್ಲಿ ಅವರ ಲುಚೋ ಹೆರೇರಾ ಸ್ಪೇನಿನ ದೊಡ್ಡ ರೇಸ್ ವುವೆಲ್ಟಾ ಗೆದ್ದ. ಬೆರ್ನಾಲ್ ಗೆದ್ದದ್ದು 2019ರಲ್ಲಿ. ತಂಡ, ದುಡ್ಡು, ಮನೆಯಲ್ಲೇ ರೇಸ್ ಎಲ್ಲ ಇದ್ದೂ 36 ವರ್ಷ ಬೇಕಾಯಿತು. ಆಫ್ರಿಕಾದಲ್ಲಿ ನೋಂದಣಿಯಾದ ತಂಡವೊಂದು ಟೂರ್‌ಗೆ ಮೊದಲು ಬಂದದ್ದೇ 2015ರಲ್ಲಿ. ಎರಿಟ್ರಿಯಾದ ಡೇನಿಯಲ್ ಟೆಕ್ಲೆಹೈಮನೋಟ್ ಬೆಟ್ಟ ಹತ್ತುವುದರಲ್ಲಿ ಮುಂದಿರುವವನಿಗೆ ಕೊಡುವ ಕೆಂಪು ಚುಕ್ಕಿಯ ಜೆರ್ಸಿ ತೊಟ್ಟ. 2021ರ ಕೊನೆಗೆ ಪ್ರಾಯೋಜಕರಿಲ್ಲದೆ ಆ ತಂಡ ಮುಚ್ಚಿತು.

ಮಂಜುನಾಥ: ಅಂದರೆ ನೀನೇ ಒಪ್ಪಿದೆ. ಇದು ದುಡ್ಡಿನ ವಿಷಯ. ಬಣ್ಣದ್ದಲ್ಲ. ಒಂದು ರೇಸ್ ಸೈಕಲ್‌ಗೇ ಲಕ್ಷಗಟ್ಟಲೆ. ಬಡವ ಬಿಳಿಯನಾದರೂ ಅದೇ ಕತೆ.

ರಘು: ದುಡ್ಡು ದೊಡ್ಡ ಕಾರಣ, ಇಲ್ಲ ಅನ್ನಲ್ಲ. ಆದರೆ ದುಡ್ಡೊಂದೇ ಆಗಿದ್ದರೆ ಶ್ರೀಮಂತ ದೇಶಗಳಲ್ಲಿ ಹುಟ್ಟಿ ಬೆಳೆದ ಕಪ್ಪು ಸವಾರರು ಎಲ್ಲಿ? 2020ರ ಟೂರ್‌ನಲ್ಲಿ ಹೊರಟವರು 176 ಜನ. ಕಪ್ಪು ಸವಾರ ಒಬ್ಬನೇ, ಫ್ರಾನ್ಸಿನವನೇ ಆದ ಕೆವಿನ್ ರೇಝಾ. ಅವನಿಗೆ 2017ರಲ್ಲಿ ರೇಸ್ ನಡೆಯುವಾಗಲೇ ಇನ್ನೊಂದು ತಂಡದ ಸವಾರ ಜನಾಂಗೀಯ ಬೈಗುಳ ಬೈದ. ಶಿಕ್ಷೆ, ತಂಡದಿಂದ 6 ವಾರ ಅಮಾನತು.

ಶೈಲಜಾ: ಬ್ರಿಟನ್‌ನಲ್ಲಿ ಮಾರಿಸ್ ಬರ್ಟನ್ 1974ರಲ್ಲೇ ರಾಷ್ಟ್ರೀಯ ಚಾಂಪಿಯನ್ ಆದ, ಅಲ್ಲಿನ ಮೊದಲ ಕಪ್ಪು ಚಾಂಪಿಯನ್. ಆಮೇಲೆ ಬೆಲ್ಜಿಯಂಗೆ ಹೋಗಿ ಅಲ್ಲೇ ರೇಸ್ ಮಾಡಿದ. ಈಗ ಲಂಡನ್ನಿನ ಪೆಕ್‌ಹ್ಯಾಮ್ ನೋಡು. ಮನೆ ಪಕ್ಕದಲ್ಲೇ ಬಿಎಂಎಕ್ಸ್, ಅಂದರೆ ಏರುತಗ್ಗಿನ ಮಣ್ಣಿನ ಟ್ರ್ಯಾಕ್‌ನ ಸಣ್ಣ ಸೈಕಲ್ ರೇಸ್, ಕ್ಲಬ್ ಬಂತು, ಮಕ್ಕಳು ಬಂದರು, ಅಲ್ಲಿನ ಕೈ ವೈಟ್ ಟೋಕಿಯೋದಲ್ಲಿ ಬೆಳ್ಳಿ ಗೆದ್ದ. ಆಸಕ್ತಿ ಇಲ್ಲ ಅಂದೆಯಲ್ಲ, ಬಾಗಿಲು ಹತ್ತಿರ ತಂದರೆ ಆಸಕ್ತಿ ತಾನಾಗಿ ಬರುತ್ತೆ.

ಸುರೇಶ (ಅಡ್ಮಿನ್): ಎಲ್ಲರೂ ಸ್ವಲ್ಪ ನಿಧಾನ. ಮೀಟಿಂಗ್‌ನಲ್ಲಿದ್ದೇನೆ, ಫೋನ್ ಬಡ್ಕೊಳ್ತಾನೇ ಇದೆ.

ಅನ್ವರ್: ಮ್ಯೂಟ್ ಮಾಡೋ ಸುಮ್ನೆ. ಮೇಜರ್ ಟೇಲರ್ ಬಗ್ಗೆ ಯಾರೂ ಹೇಳಲಿಲ್ಲ? ಅಮೆರಿಕದ ಕಪ್ಪು ಸವಾರ, 1899ರಲ್ಲಿ ಮಾಂಟ್ರಿಯಲ್‌ನಲ್ಲಿ ವಿಶ್ವ ಚಾಂಪಿಯನ್. ಅದಕ್ಕೂ ಮುಂಚೆ, 1897ರಲ್ಲಿ, ರೇಸ್ ಮುಗಿದ ಮೇಲೆ ಒಬ್ಬ ಬಿಳಿ ಎದುರಾಳಿ ಅವನ ಕುತ್ತಿಗೆ ಹಿಸುಕಿದ, ಪ್ರಜ್ಞೆ ತಪ್ಪುವವರೆಗೂ. ಹಿಸುಕಿದವನಿಗೆ ಆದದ್ದು 50 ಡಾಲರ್ ದಂಡ.

ಮಂಜುನಾಥ: ಅದು 19ನೇ ಶತಮಾನ ಕಣೋ.

ಅನ್ವರ್: ಅಮೆರಿಕದ ಸೈಕಲ್ ಸಂಘ 1894ರಲ್ಲಿ ಕಪ್ಪು ಜನರಿಗೆ ಸದಸ್ಯತ್ವ ಇಲ್ಲ ಅಂತ ನಿಯಮ ಮಾಡಿತು. ಅಧಿಕೃತವಾಗಿ ಅದನ್ನು ತೆಗೆದದ್ದು 1999ರಲ್ಲಿ. ಆ ಹೊತ್ತಿಗೆ ನಾವೆಲ್ಲ ಹುಟ್ಟಿದ್ದೆವು.

ಶೈಲಜಾ: ಇನ್ನೂ ಹತ್ತಿರದ್ದು ಬೇಕಾ? ಟೋಕಿಯೋ ಒಲಿಂಪಿಕ್ಸ್, 2021, ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರೇ ಹೊರಟು ಗಡಿಯಾರದ ವಿರುದ್ಧ ಓಡಿಸುವ ರೇಸ್. ಜರ್ಮನಿಯ ಸವಾರನ ಮುಂದೆ ಅಲ್ಜೀರಿಯಾದ ಒಬ್ಬ, ಎರಿಟ್ರಿಯಾದ ಒಬ್ಬ ಹೋಗುತ್ತಿದ್ದರು. ಜರ್ಮನ್ ಫೆಡರೇಷನ್ನಿನ ಕ್ರೀಡಾ ನಿರ್ದೇಶಕ ರಸ್ತೆಬದಿಯಲ್ಲಿ ನಿಂತು, ಒಂಟೆ ಓಡಿಸುವವರನ್ನು ಹಿಡಿ ಅಂತ ಕೂಗಿದ. ಟಿವಿ ಮೈಕ್‌ಗೆ ಸಿಕ್ಕಿತು. ಮನೆಗೆ ಕಳಿಸಿದರು, ಯುಸಿಐ ಅಮಾನತು ಮಾಡಿತು.

ಮಂಜುನಾಥ: ಒಬ್ಬನ ಬಾಯಿ ಹೊಲಸು ಅಂತ ಇಡೀ ಆಟವನ್ನು ಬೈಯಬೇಕಾ? ಶಿಕ್ಷೆ ಆಯಿತಲ್ಲ.

ರಘು: ಅವನು ರಸ್ತೆಬದಿಯ ಕುಡುಕ ಆಗಿದ್ದರೆ ನಿನ್ನ ಮಾತು ಒಪ್ಪುತ್ತಿದ್ದೆ. ಯಾರಿಗೆ ತರಬೇತಿ, ಯಾರು ತಂಡದಲ್ಲಿ ಅನ್ನುವ ತೀರ್ಮಾನಗಳ ಹತ್ತಿರ ಕೂರುವ ಹುದ್ದೆ ಅದು. ಮೈಕ್ ಇಲ್ಲದ ಕೋಣೆಯಲ್ಲಿ ಏನು ಮಾತಾಡುತ್ತಾರೆ ಅಂತ ನನಗೆ ಚಿಂತೆ.

ಮಂಜುನಾಥ: ಸರಿ, ಏನು ಮಾಡಬೇಕು ಅಂತೀರಿ? ಕೋಟಾ ಇಡಬೇಕಾ? ಎಂಟರಲ್ಲಿ ಇಬ್ಬರು ಕಪ್ಪಗಿರಬೇಕು ಅಂತ?

ರಘು: ಕೋಟಾ ಯಾರು ಕೇಳಿದರು? ಜೂನಿಯರ್ ಹುಡುಗ, ಹುಡುಗಿಯರಿಗೆ ಇಡೀ ಸೀಸನ್‌ಗೆ ಆಗುವ ವೀಸಾ. ಏಗ್ಲ್‌ನಂಥ ಕೇಂದ್ರದಲ್ಲಿ ಜಾಸ್ತಿ ಜಾಗ. ಟೂರ್ ಡು ರುವಾಂಡಾದಂಥ ಅಂಕ ಸಿಗುವ ರೇಸ್ ಆಫ್ರಿಕಾದಲ್ಲೇ ಇನ್ನಷ್ಟು. 2025ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ರುವಾಂಡಾದ ಕಿಗಾಲಿಯಲ್ಲಿ ನಡೆಯಿತು, ಆಫ್ರಿಕಾದಲ್ಲಿ ಮೊದಲ ಸಲ. ದೂರ, ಖರ್ಚು ಜಾಸ್ತಿ ಅಂತ ಯುರೋಪಿನ ಕೆಲವು ದೇಶಗಳು ಕಡಿಮೆ ಸವಾರರನ್ನು ಕಳಿಸಿದವು. ಆಫ್ರಿಕಾದವರಿಗೆ ಪ್ರತಿ ವರ್ಷ ಅದೇ ದೂರ, ಅದೇ ಖರ್ಚು.

ಪ್ರಭಾ: ಇದು ಚೆನ್ನಾಗಿ ಹೇಳಿದೆ.

ಮಂಜುನಾಥ: ವೀಸಾ ವಿಷಯ ಸರಿ ಅನ್ನಿಸುತ್ತೆ. ಉಳಿದದ್ದು ಒಪ್ಪಲ್ಲ. ಮೂಲದಲ್ಲಿ ಇದು ದುಡ್ಡಿನ ಸಮಸ್ಯೆ. ಕೆಲಸ ಇದೆ, ನಾಳೆ ಮುಂದುವರಿಸೋಣ.

ಶೈಲಜಾ: ಬಾ ನಾಳೆ. ಬರುವಾಗ ಒಂಟೆ ಅಂತ ಕೂಗಿದ್ದಕ್ಕೆ ಎಷ್ಟು ದುಡ್ಡು ಕಮ್ಮಿ ಬಿದ್ದಿತ್ತು ಅಂತ ಲೆಕ್ಕ ಹಾಕಿಕೊಂಡು ಬಾ.