ಪದಚರ್ಚೆ: ಟಗಾಲೊಗ್ ‘ಸಿಯಾ’ಗೆ ಅವಳೋ, ಅವನೋ, ಅವರೋ?

ಪ್ರಶ್ನೆ

ಬಲ್ಲವರಿಗೆ ನಮಸ್ಕಾರ. ಫಿಲಿಪೀನ್ಸಿನ ಜಿಎಂಎ ವಾಹಿನಿಯಲ್ಲಿ 2015ರಲ್ಲಿ ಬಂದ ‘ದ ರಿಚ್ ಮ್ಯಾನ್ಸ್ ಡಾಟರ್’ ಧಾರಾವಾಹಿಗೆ ಕನ್ನಡ ಸಬ್‌ಟೈಟಲ್ ಬರೆಯುವಾಗ ಎದುರಾಗುವ ತೊಡಕು ಇದು. ಸಿರಿವಂತ ಚೀನೀ-ಫಿಲಿಪಿನೊ ಮನೆಯ ಮಗಳು ಜೇಡ್ (ನಟಿ ರಿಯಾನ್ ರಾಮೋಸ್) ಆಲ್ತಿಯಾ ಎಂಬವಳನ್ನು (ಗ್ಲೈಜಾ ಡಿ ಕ್ಯಾಸ್ಟ್ರೊ) ಪ್ರೀತಿಸುತ್ತಾಳೆ, ಮನೆಯವರು ಒಪ್ಪುವುದಿಲ್ಲ. ಅಲ್ಲಿನ ನುಡಿ ಟಗಾಲೊಗ್‌ನ ‘ಸಿಯಾ’ ಅವನೂ ಹೌದು, ಅವಳೂ ಹೌದು. ಇಂಥ ಕಥೆಯಲ್ಲಿ ಮಗಳು ‘ಸಿಯಾ’ ಎಂದಷ್ಟೇ ಹೇಳಿದರೆ ಹೆತ್ತವರು ಗಂಡೆಂದೇ ಎಣಿಸಿಕೊಳ್ಳಬಹುದು. ಕನ್ನಡದಲ್ಲಿ ‘ಅವಳು’ ಎಂದು ಬರೆದ ಗಳಿಗೆಯಲ್ಲೇ ಗುಟ್ಟು ರಟ್ಟು. ‘ಅವರು’ ಎಂದರೆ ಸಾಕೇ? ಜೊತೆಗೆ ‘ಟಾಂಬಾಯ್’, ‘ಊತಂಗ್ ನ ಲೊಓಬ್’ ಇವಕ್ಕೂ ಪದ ತಿಳಿಸಿ.

ಉತ್ತರ 1

ತೊಡಕು ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಕನ್ನಡದ ‘ನಾನು’, ‘ನೀನು’ಗಳಿಗೆ ಲಿಂಗವಿಲ್ಲ, ಅವುಗಳ ಕ್ರಿಯಾಪದಕ್ಕೂ ಇಲ್ಲ. ‘ನಾನು ಬರ್ತೀನಿ, ನೀನು ಕಾಯ್ತಿರು’ ಎಂದವರು ಹೆಣ್ಣೋ ಗಂಡೋ ಗೊತ್ತಾಗದು. ಹಿಂದಿಯಲ್ಲಾದರೆ ‘ಬರ್ತೀನಿ’ ಎನ್ನುವಲ್ಲೇ ಗೊತ್ತಾಗಿಬಿಡುತ್ತದೆ. ಹಾಗಾಗಿ ಇಬ್ಬರೇ ಇರುವ ದೃಶ್ಯಗಳು ಸಲೀಸು. ಮೂರನೆಯವರ ಬಗ್ಗೆ ಮಾತು ಬಂದಾಗ ಮಾತ್ರ ಎಚ್ಚರ ಬೇಕು. ಅಲ್ಲಿ ಸರ್ವನಾಮ ಬಿಟ್ಟರೂ ಸಾಲದು, ‘ಬಂದಳು’ ಎಂಬ ಬಾಲದಲ್ಲಿ ಲಿಂಗ ಕೂತಿರುತ್ತದೆ.

‘ಅವರು’ ಬಳಸಬಹುದು, ಆದರೆ ಮದುವೆಯಾಗದ ಹುಡುಗಿ ಹಿರಿಯರೆದುರು ‘ಅವರು’ ಎಂದರೆ ನಮ್ಮ ಕಡೆ ಕಿವಿಗೆ ಬೀಳುವುದು ಗಂಡನಾಗುವವನು, ಇಲ್ಲವೇ ವಯಸ್ಸಿನಲ್ಲಿ ದೊಡ್ಡವನು. ಹೆತ್ತವರು ತಪ್ಪು ತಿಳಿಯಬೇಕಾದ ಕಡೆ ಇದೇ ಅನುಕೂಲ. ಬೇರೆ ಕಡೆ ಮೊದಲ ಸಲ ‘ಒಬ್ಬರನ್ನ ಇಷ್ಟಪಡ್ತಿದೀನಿ’ ಎಂದು ಬರೆದು, ಮುಂದಿನ ಸಾಲುಗಳಲ್ಲಿ ಕರ್ತೃವನ್ನೇ ಕೈಬಿಡಿ: ‘ಯಾರು ಅಂತ ಆಮೇಲೆ ಹೇಳ್ತೀನಿ’, ‘ಮದುವೆ ಅಂದ್ರೆ ಬೇರೆ ಯಾರೂ ಬೇಡ’. ‘ವ್ಯಕ್ತಿ’ ಎಂಬ ಪದ ಬೇಡ, ಪೊಲೀಸ್ ವರದಿಯಂತಾಗುತ್ತದೆ.

ಗುಟ್ಟು ಒಡೆದ ಮೇಲೆ ಒಂದು ಸವಲತ್ತು ನಮಗಿದೆ. ತಾಯಿಯ ಬಾಯಲ್ಲಿ ‘ಆ ಹುಡುಗಿ’ ಎಂದಿದ್ದದ್ದು ಹಲವು ಕಂತುಗಳ ನಂತರ ‘ಅವಳು’ ಆಗಲಿ, ಕೊನೆಗೆ ಹೆಸರು ಹಿಡಿದು ಕರೆಯಲಿ. ಮನಸ್ಸು ಕರಗಿದ್ದು ಸಬ್‌ಟೈಟಲ್‌ನಲ್ಲೇ ಕಾಣುತ್ತದೆ. ಎಲ್ಲಿ ಬದಲಾಯಿತು ಎಂದು ಕಂತಿನ ಸಂಖ್ಯೆ ಹಾಕಿ ಪಟ್ಟಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಇಬ್ಬರು ಅನುವಾದಕರ ನಡುವೆ ತಾಳ ತಪ್ಪುತ್ತದೆ.

ಇದೇ ಜಾತಿಯ ಪದಗಳು ಇನ್ನೂ ಇವೆ. ‘ಅನಾಕ್’ ಮಗನೂ ಹೌದು ಮಗಳೂ ಹೌದು. ‘ಮನೂಗಂಗ್’ ಅಳಿಯನೂ ಹೌದು ಸೊಸೆಯೂ ಹೌದು. ಕೊನೆಯದಕ್ಕೆ ‘ಮನೆ ತುಂಬೋರು’ ಹಾಕಬೇಡಿ, ಅದು ಸೊಸೆಗೇ ಸಲ್ಲುವ ಮಾತು. ‘ಅಸಾವಾ’ ಎಂದರೆ ಗಂಡ ಅಥವಾ ಹೆಂಡತಿ. ಅಲ್ಲಿನ ಕಾನೂನಿನಲ್ಲಿ ಹೆಣ್ಣು-ಹೆಣ್ಣಿನ ಮದುವೆಗೆ ಮಾನ್ಯತೆ ಇಲ್ಲವಾದ್ದರಿಂದ, ಒಬ್ಬಳು ಇನ್ನೊಬ್ಬಳನ್ನು ಹಾಗೆ ಕರೆದರೆ ಆ ಮಾತಿಗೆ ಹಕ್ಕು ಸ್ಥಾಪಿಸುವ ತೂಕ ಇರುತ್ತದೆ. ‘ಸಂಗಾತಿ’ ಆ ತೂಕ ಹೊರದು, ‘ನನ್ನ ಹೆಂಡತಿ’ ಎಂದೇ ಬರೆಯಿರಿ.

ಉತ್ತರ 2

ಮೇಲಿನದಕ್ಕೆ ಸೇರಿಸುವುದು ಸ್ವಲ್ಪ ಇದೆ. ನಂಟಿನ ಪದಗಳನ್ನು ಹಾಗೇ ಕನ್ನಡ ಲಿಪಿಯಲ್ಲಿ ಬಿಟ್ಟರೆ ಎರಡು ಕಡೆ ಎಡವುತ್ತೀರಿ. ‘ಆತೆ’ ಎಂದರೆ ಅಕ್ಕ, ನಮ್ಮ ಓದುಗರು ‘ಅತ್ತೆ’ ಎಂದು ಓದುತ್ತಾರೆ. ಚೀನೀ-ಫಿಲಿಪಿನೊ ಮನೆಗಳಲ್ಲಿ ಹೊಕ್ಕಿಯೆನ್ ಎಂಬ ಚೀನೀ ನುಡಿಯ ‘ಅಮಾ’ ಎಂದರೆ ಅಪ್ಪನ ತಾಯಿ, ನಮಗೆ ಅದು ‘ಅಮ್ಮಾ’. ಎರಡನ್ನೂ ಅಕ್ಕ, ಅಜ್ಜಿ ಮಾಡಿ. ಅಣ್ಣನಿಗೆ ‘ಆಹಿಯಾ’, ಕಿರಿಯ ತಂಗಿಗೆ ‘ಶೋಬೆ’ ಎನ್ನುವುದನ್ನು ಒಂದೆರಡು ಕಡೆ ಉಳಿಸಿದರೆ ಮನೆಯ ಚೀನೀ ಬೇರು ಕಾಣುತ್ತದೆ, ಗೊಂದಲವೂ ಆಗದು.

‘ಟಾಂಬಾಯ್’ ಅಲ್ಲಿ ಹೆಣ್ಣನ್ನು ಪ್ರೀತಿಸುವ, ಗಂಡು ಉಡುಪಿನ ಹೆಣ್ಣು. ‘ಗಂಡುಬೀರಿ’ ತಪ್ಪು, ಅದರಲ್ಲಿ ಪ್ರೀತಿಯ ಸುಳಿವೇ ಇಲ್ಲ, ಬರೀ ಬೈಗುಳ. ಇಂಗ್ಲಿಷಿನ ಟಾಂಬಾಯ್ ಅರ್ಥವೂ ಇಲ್ಲಿ ನಡೆಯದು. ಬೈಯುವವರ ಬಾಯಲ್ಲಿ ‘ಟಾಂಬಾಯ್’ ಹಾಗೇ ಇರಲಿ, ಸಂದರ್ಭವೇ ಅರ್ಥ ಕೊಡುತ್ತದೆ. ತಮ್ಮನ್ನು ತಾವು ಹೇಳಿಕೊಳ್ಳುವಾಗ ‘ಲೆಸ್ಬಿಯನ್’ ಅಥವಾ ‘ಸಲಿಂಗಪ್ರೇಮಿ’. ಪತ್ರಿಕೆಗಳ ‘ಸಲಿಂಗಕಾಮಿ’ಯಲ್ಲಿ ಕಾಮವೇ ಮುಂದಾಗಿ ಪ್ರೀತಿ ಹಿಂದಾಗುತ್ತದೆ, ಬೇಕಿದ್ದರೆ ಸಿಟ್ಟಿಗೆದ್ದ ಅಪ್ಪನಿಗೆ ಕೊಡಿ.

‘ಊತಂಗ್’ ಸಾಲ, ‘ಲೊಓಬ್’ ಒಳಗು. ಇಂಗ್ಲಿಷಿನ ಮೂಲಕ ಬಂದರೆ ‘ಕೃತಜ್ಞತೆಯ ಸಾಲ’ ಆಗುತ್ತದೆ, ಯಾರೂ ಹಾಗೆ ಮಾತಾಡುವುದಿಲ್ಲ. ನಮ್ಮಲ್ಲಿ ‘ಋಣ’ ಇದೆ: ‘ಹೆತ್ತವರ ಋಣ ಹೀಗೆ ತೀರಿಸ್ತೀಯಾ?’ ಅದು ಇಲ್ಲದವಳೆಂದು ಹಂಗಿಸುವಾಗ ‘ಉಂಡ ಮನೆಗೆ ಎರಡು ಬಗೆದೆ’ ಎನ್ನಬಹುದು. ಮಾನ ಹೋದೀತೆಂಬ ಅಳುಕನ್ನು ಹೇಳುವ ‘ಹಿಯಾ’ಗೆ ‘ನಾಚಿಕೆ’ ಬೇಡ, ಅದು ಮದುಮಗಳ ಕೆನ್ನೆಗೂ ಬರುತ್ತದೆ. ಇಲ್ಲಿ ಪ್ರಶ್ನೆ ಊರವರದ್ದು, ‘ಮರ್ಯಾದೆ’ಯೇ ಸರಿ.

‘ಕಿಲಿಗ್’ಗೆ ಮಾತ್ರ ಒಂದೇ ಪದ ಹುಡುಕಬೇಡಿ. ಪ್ರೇಮದ ದೃಶ್ಯ ನೋಡುವವರಿಗೂ ಆಗುವ ನವಿರು ಅದು. ‘ಪುಳಕ’ ಪುಸ್ತಕದ್ದು, ಮಾತಿನಲ್ಲಿ ‘ಮೈ ಜುಮ್ಮಂತು’ ಒಗ್ಗುತ್ತದೆ.