ಸ್ಪೈಡರ್‌ಮ್ಯಾನ್ 300: 9.8 ಬೇಕಾ, 9.4 ಸಾಕಾ?

ಜರ್ಸಿ_ಕನ್ನಡಿಗ: ಮಾರ್ವೆಲ್ ಕಾಮಿಕ್ಸ್‌ನ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ 300ನೇ ಸಂಚಿಕೆ ಕೊಳ್ಳುವ ಆಸೆ. 1988ರ ಮೇ ತಿಂಗಳದು, ಮೈಕಲಿನಿ ಕಥೆ, ಟಾಡ್ ಮ್ಯಾಕ್‌ಫಾರ್ಲೇನ್ ಚಿತ್ರ. ವಿಲನ್ ವೆನಮ್ ಮೊದಲು ಬಂದದ್ದು ಇದರಲ್ಲೇ. ಇಲ್ಲಿನ ಅಂಗಡಿಯಲ್ಲಿ ಎರಡು ಪ್ರತಿ ಇವೆ, ಎರಡೂ ಸಿಜಿಸಿ (ಕಾಮಿಕ್ಸ್ ಸ್ಥಿತಿಗೆ ಹತ್ತರಲ್ಲಿ ಅಂಕ ಕೊಡುವ ಕಂಪನಿ) ಡಬ್ಬಿಯಲ್ಲಿ ಸೀಲ್ ಆಗಿವೆ. ಒಂದು 9.8, ಇನ್ನೊಂದು 9.4. ಬೆಲೆಯಲ್ಲಿ ಅಜಗಜಾಂತರ. ಮಾರೋ ಉದ್ದೇಶ ಇಲ್ಲ. ಯಾವುದು ತಗೊಳ್ಳಲಿ?

ಹಳೇಪೇಪರ್: ‘ಮಾರೋ ಉದ್ದೇಶ ಇಲ್ಲ’ ಅನ್ನುವವರೇ ಮೊದಲು ಮಾರುವುದು. ಕಣ್ಣು ಮುಚ್ಚಿ 9.8 ತಗೊಳ್ಳಿ. ನಾಳೆ 9.4 ಮಾರಲು ಹೋದರೆ ಪ್ರತಿಯೊಬ್ಬನೂ ಪುಸ್ತಕದ ಬೆನ್ನಿನ ಮೇಲಿನ ಮಡಿಕೆಯ ಸಣ್ಣ ಗೆರೆ ಎಣಿಸುತ್ತಾ ಕೂರುತ್ತಾನೆ.

ಕರಿಜೇಡ: ‘ವೆನಮ್ ಮೊದಲು ಬಂದದ್ದು ಇದರಲ್ಲೇ.’ ಯಾರು ಹೇಳಿದ್ದು? 299ರ ಕೊನೇ ಪುಟ ತೆಗೆದು ನೋಡಿ. ಸ್ಪೈಡರ್‌ಮ್ಯಾನ್ ಹೆಂಡತಿ ಮೇರಿ ಜೇನ್ ಎದುರು ಹಲ್ಲು ಕಿರಿದುಕೊಂಡು ನಿಂತಿರೋದು ಯಾರು, ಅವಳ ಚಿಕ್ಕಪ್ಪನಾ? 300ರ ಮುಖಪುಟದಲ್ಲಂತೂ ವೆನಮ್ ಇಲ್ಲವೇ ಇಲ್ಲ. ಕಪ್ಪು ಬಟ್ಟೆಯ ಸ್ಪೈಡರ್‌ಮ್ಯಾನ್ ಇದ್ದಾನೆ ಅಷ್ಟೇ.

ಹಳೇಪೇಪರ್: ಕೊನೇ ಪುಟದ ಇಣುಕು ನೋಟಕ್ಕೆ ಯಾರೂ ದೊಡ್ಡ ದುಡ್ಡು ಕೊಡಲ್ಲ. ಮಾರ್ವೆಲ್‌ನ ಇನ್ನೊಬ್ಬ ಹೆಸರಾಂತ ಪಾತ್ರ ವುಲ್ವರಿನ್ 1974ರಲ್ಲಿ ‘ಹಲ್ಕ್’ ಕಾಮಿಕ್ಸ್ 180ರ ಕೊನೇ ಚೌಕದಲ್ಲೇ ಬಂದ. ಆದರೂ ಜನ ಮುಗಿಬೀಳೋದು 181ಕ್ಕೆ. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆ ಮೇಲಿಂದ ಕಿರೀಟ ತೋರಿಸಿದ ಕೂಡಲೇ ಪ್ರವೇಶ ಆಗಿಹೋಯ್ತಾ?

ಲೆಕ್ಕದಮ್ಮ: ‘ಕಣ್ಣು ಮುಚ್ಚಿ’ ಅಂತೆ! 300ನೇ ಸಂಚಿಕೆ ವಿಶೇಷಾಂಕವಾಗಿ ಬಂತು. ಜನ ಅಂಗಡಿಯಿಂದ ತಂದವರೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಟ್ಟರು. 9.8 ಪ್ರತಿಗಳೇ ಸಾವಿರಗಟ್ಟಲೆ ಇವೆ. 1940ರ ಬ್ಯಾಟ್‌ಮ್ಯಾನ್ ಮೊದಲ ಸಂಚಿಕೆ, ಜೋಕರ್ ಬಂದದ್ದು, ಅದು ಅಪರೂಪ. ಅದರ 9.4 ಪ್ರತಿ 2021ರಲ್ಲಿ 22 ಲಕ್ಷ ಡಾಲರ್ ದಾಟಿತು. ಇದು ಅಪರೂಪ ಅಲ್ಲ, ಬರೀ ಬೇಡಿಕೆ ಜಾಸ್ತಿ.

ಕರಿಜೇಡ: ಹಳೇಪೇಪರ್ ಅವರೇ, ತೆರೆ ಹಿಂದೆ ಕುಣಿಯುವುದೇ ಬಣ್ಣದ ವೇಷದ ಪ್ರವೇಶ. ತೆರೆ ಒಡ್ಡೋಲಗ ಅಂತಲೇ ಕರೆಯುತ್ತಾರೆ. ಒಂದಾದರೂ ಆಟ ರಾತ್ರಿಯಿಡೀ ಕೂತು ನೋಡಿದ್ದೀರಾ?

ಹಳೇಪೇಪರ್: ನಮ್ಮ ಅಜ್ಜನ ಮನೆ ಅಂಗಳದಲ್ಲೇ ಆಟ ಆಗ್ತಿತ್ತು. ನನಗೆ ಪಾಠ ಬೇಡ. ಹಲ್ಕ್ 181ಕ್ಕೆ ಉತ್ತರ ಕೊಡಿ.

ಹುಬ್ಬಳ್ಳಿ_ಮಂದಿ: ಅಲ್ರೀ, 299ಕ್ಕ ಯಾಕ ನಿಂದ್ರತೀರಿ? ಆ ಕರಿ ಬಟ್ಟೆನ ಅರ್ಧ ವೆನಮ್, ಅದು ಜೀವ ಇರೋ ಬಟ್ಟೆ. ಅದು 1984ರ 252ನೇ ಸಂಚಿಕೆಯೊಳಗ ಬಂದದ. ಎಲ್ಲಿಂದ ಸಿಕ್ತು ಅನ್ನೋದು ಅದೇ ವರ್ಷದ ‘ಸೀಕ್ರೆಟ್ ವಾರ್ಸ್’ ಕಾಮಿಕ್ಸ್ 8ರೊಳಗ ಅದ. ಕರಿ ಬಟ್ಟಿ ಐಡಿಯಾ ಒಬ್ಬ ಓದುಗಂದು. ಮಾರ್ವೆಲ್‌ನವರು 220 ಡಾಲರಿಗೆ ಕೊಂಡ್ರು. ಮೊದಲು ಅದನ್ನ ಓದ್ರಿ.

ಕರಿಜೇಡ: ಬಟ್ಟೆ ವಿಲನ್ ಅಲ್ಲ ಸಾರ್. ಎಡ್ಡಿ ಬ್ರಾಕ್ ಅನ್ನುವವನ ಮೈಗೆ ಹತ್ತಿದ ಮೇಲೆ ಅದು ವಿಲನ್. ನಿಮ್ಮ ಲೆಕ್ಕ ಹಿಡಿದರೆ ಬಟ್ಟೆ ಹೊಲಿದ ದರ್ಜಿಯೂ ವಿಲನ್ನೇ.

ಹುಬ್ಬಳ್ಳಿ_ಮಂದಿ: ಹಂಗಾದ್ರ ವೆಬ್ ಆಫ್ ಸ್ಪೈಡರ್‌ಮ್ಯಾನ್ 18, 1986. ಪೀಟರ್‌ನ್ನ, ಅಂದ್ರ ಸ್ಪೈಡರ್‌ಮ್ಯಾನ್‌ನ್ನ, ರೈಲಿನ ಮುಂದ ದೂಡಿದ ಕೈ ಯಾರದು? ಅಪಾಯ ಹೇಳೋ ಅವನ ಜೇಡನ ಅರಿವು ಎಚ್ಚರಿಕೆ ಕೊಡಲಿಲ್ಲ, ಆ ಬಟ್ಟಿ ಬಂದ್ರ ಅದು ಕೊಡಂಗಿಲ್ಲ. ಎರಡು ವರ್ಷ ಮೊದಲರೀ!

ಹಳೇಪೇಪರ್: ಕೈ ನೋಡಿ ದುಡ್ಡು ಕೊಡ್ತೀರಾ? ಆ ಕೈ ಬರೆದಾಗ ಮೈಕಲಿನಿ ತಲೆಯಲ್ಲಿ ಎಡ್ಡಿ ಬ್ರಾಕ್ ಇರಲೇ ಇಲ್ಲ. ಬಟ್ಟೆಯನ್ನು ಒಬ್ಬ ಹೆಂಗಸಿನ ಮೈಗೆ ಹತ್ತಿಸುವ ಯೋಚನೆ ಇತ್ತು. ಅವರೇ ಹೇಳಿದ್ದಾರೆ.

ಕರಿಜೇಡ: ನೋಡಿ, ನೀವೇ ಒಪ್ಪಿದಿರಿ! ಎಡ್ಡಿ ಬಂದ ಮೇಲೆಯೇ ವೆನಮ್. ಹಾಗಾದರೆ 299.

ಹಳೇಪೇಪರ್: ನಾನು ಏನನ್ನೂ ಒಪ್ಪಿಲ್ಲ. ಎಡ್ಡಿ ಯಾರು, ಯಾಕೆ ಹೀಗಾದ, ಯಾಕೆ ಪೀಟರ್ ಮೇಲೆ ಸಿಟ್ಟು, ಇದೆಲ್ಲ ಇರುವುದು 300ರಲ್ಲಿ. ಹೊಡೆದಾಟವೂ ಅಲ್ಲೇ. ಕಪ್ಪು ಬಟ್ಟೆ ಬಿಟ್ಟು ಕೆಂಪು ನೀಲಿಗೆ ವಾಪಸ್ ಬರುವುದೂ ಅಲ್ಲೇ. ಒಂದು ಪುಟಕ್ಕೆ ಹುಟ್ಟುಹಬ್ಬ ಮಾಡುವವರ ಜೊತೆ ಮಾತಾಡಿ ಪ್ರಯೋಜನ ಇಲ್ಲ.

ಕರಿಜೇಡ: ಕಥೆ ಎಲ್ಲಿದೆ ಅಂತ ನಾನು ಕೇಳಲೇ ಇಲ್ಲ! ಮುಖ ಎಲ್ಲಿ ಮೊದಲು ಕಂಡಿತು ಅಂತ ಕೇಳಿದ್ದು! ಓದಲು ಬಾರದಿದ್ದರೆ ಚಿತ್ರವನ್ನಾದರೂ ನೋಡಿ!!

ಜರ್ಸಿ_ಕನ್ನಡಿಗ: ದಯವಿಟ್ಟು. 9.8ಆ, 9.4ಆ?

ಮಲ್ಲೇಶ್ವರಂ_ಮಾವ: ತಮ್ಮಾ, ನಂಬರ್ ಬಿಡು, ಪುಸ್ತಕ ನೋಡು. ಲೇಬಲ್ ಮೇಲೆ ಪುಟದ ಬಣ್ಣ ಬರೆದಿರುತ್ತದೆ. ಬಿಳಿ ಅಂತ ಇದ್ದರೆ ಒಳ್ಳೆಯದು. ಬೆನ್ನಿನ ಗೆರೆಯಲ್ಲಿ ಬಣ್ಣ ಕಿತ್ತಿದೆಯಾ ಅಂತ ಬೆಳಕಿಗೆ ಹಿಡಿದು ನೋಡು. ಈಗ 9.8 ಆಗಿರುವ ಎಷ್ಟೋ ಪ್ರತಿಗಳು ಪ್ರೆಸ್ ಮಾಡಿಸಿಕೊಂಡು ಹೋದವು. ಬಿಸಿ ಕೊಟ್ಟು ಒತ್ತಿ ಸುಕ್ಕು ತೆಗೆಯುತ್ತಾರೆ. ಸಿಜಿಸಿ ಅದನ್ನು ರಿಪೇರಿ ಅಂತ ಲೆಕ್ಕಕ್ಕೆ ಹಿಡಿಯಲ್ಲ.

ಲೆಕ್ಕದಮ್ಮ: ‘ಬಿಸಿ ಕೊಟ್ಟು ಒತ್ತಿ.’ ಅಂದರೆ ಇಸ್ತ್ರಿ ಪುಸ್ತಕಕ್ಕೆ ಜಾಸ್ತಿ ದುಡ್ಡು ಕೊಡಬೇಕಾ? ನಾನು ಹೇಳಿದ್ದು ಸರಿ ಆಯ್ತಲ್ಲ.

ಹಳೇಪೇಪರ್: ಇಸ್ತ್ರಿ ಮಾಡಿದರೂ 9.8, 9.8ಯೇ. ಕಿತ್ತ ಬಣ್ಣ ಇಸ್ತ್ರಿಗೆ ವಾಪಸ್ ಬರಲ್ಲ, ತಾಯಿ.

ಜರ್ಸಿ_ಕನ್ನಡಿಗ: 9.4 ತಗೊಂಡೆ. ಬಿಳಿ ಪುಟ, ಗೆರೆ ಎರಡೇ. ಉಳಿದ ದುಡ್ಡಲ್ಲಿ 299 ಕೂಡ ಬಂತು, ಡಬ್ಬಿ ಇಲ್ಲದ್ದು.

ಕರಿಜೇಡ: ನೋಡಿದಿರಾ? 299 ತಗೊಂಡರು. ಇನ್ನೇನು ಬೇಕು?

ಹಳೇಪೇಪರ್: ಚಿಲ್ಲರೆ ಉಳಿದದ್ದಕ್ಕೆ ತಗೊಂಡದ್ದು. ದೊಡ್ಡ ದುಡ್ಡು ಯಾವುದಕ್ಕೆ ಹೋಯ್ತು ನೋಡಿ.

ಮಲ್ಲೇಶ್ವರಂ_ಮಾವ: ತಮ್ಮಾ, 300ರ ಮುಖಪುಟದ ಮೂಲೆಯ ಚೌಕದಲ್ಲಿ ಸ್ಪೈಡರ್‌ಮ್ಯಾನ್ ತಲೆ ಇದೆಯಾ, ಬಾರ್‌ಕೋಡ್ ಇದೆಯಾ? ಬಾರ್‌ಕೋಡ್ ಇದ್ದರೆ ಪೇಪರ್ ಅಂಗಡಿಗೆ ಹೋದ ಪ್ರತಿ. ಅಂಥವು ಚೆನ್ನಾಗಿ ಉಳಿದದ್ದು ಕಡಿಮೆ.

ಹುಬ್ಬಳ್ಳಿ_ಮಂದಿ: ಬಾರ್‌ಕೋಡಿಗೆ ಜಾಸ್ತಿ ರೊಕ್ಕ? ಇದನ್ನ ಯಾರ್ ಶುರು ಮಾಡಿದ್ರಿ?

ಕರಿಜೇಡ: ಬಾರ್‌ಕೋಡ್ ಕಥೆ ಬರೀ ಮಾರುವವರು ಹಬ್ಬಿಸಿದ್ದು.

ಮಲ್ಲೇಶ್ವರಂ_ಮಾವ: ಮಾರುವವರು ಅಂದರೆ ಯಾರನ್ನು ಹೇಳುತ್ತಿದ್ದೀಯಪ್ಪಾ? ಹೆಸರು ಹೇಳು.