ಕುಡಿತ ಬಿಡಲು ಹೊರಟವನಿಗೆ ಹತ್ತಿರದಲ್ಲಿ ಜೊತೆ ಎಲ್ಲಿ ಸಿಗುತ್ತದೆ?

ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಿಂದ ಒಬ್ಬ ಅಕ್ಕ:

ನನ್ನ ತಮ್ಮನಿಗೆ 36 ವರ್ಷ. ಎರಡು ಬಾರಿ ವ್ಯಸನಮುಕ್ತಿ ಕೇಂದ್ರದಲ್ಲಿದ್ದು ಬಂದ. ಎರಡು ಬಾರಿಯೂ ತಿಂಗಳು ತುಂಬುವ ಮೊದಲೇ ಮತ್ತೆ ಕುಡಿಯತೊಡಗಿದ. ಈಗ ಅವನೇ, "ಬಿಡಬೇಕು ಅಕ್ಕಾ, ಒಬ್ಬನಿಂದ ಆಗುತ್ತಿಲ್ಲ" ಎನ್ನುತ್ತಿದ್ದಾನೆ. ಇಂಥವರು ಸೇರುವ ಗುಂಪನ್ನು ಹತ್ತಿರದಲ್ಲಿ ಹುಡುಕುವುದು ಹೇಗೆ? ಊರಿಗೆಲ್ಲ ತಿಳಿದೀತೆಂಬ ಅಳುಕು ಅವನಿಗಿದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಶಿವಮೊಗ್ಗದಿಂದ, ಕುಡಿತ ಬಿಟ್ಟವರೊಬ್ಬರು:

ಅಕ್ಕಾ, ನಾನು ಕುಡಿತ ಬಿಟ್ಟು ಹನ್ನೊಂದು ವರ್ಷವಾಯಿತು. ನಿಮ್ಮ ತಮ್ಮನಂತೆ ನಾನೂ ಕೇಂದ್ರಕ್ಕೆ ಹೋಗಿ ಬಂದು ಮತ್ತೆ ಬಿದ್ದವನು. ಕೇಂದ್ರದಲ್ಲಿ ಮೈಯಿಂದ ಮದ್ಯ ಇಳಿಯುತ್ತದೆ. ಆದರೆ ಮನೆಗೆ ಮರಳಿದ ಮೇಲೆ, ಸಂಜೆ ಆರೂವರೆಗೆ ಕಾಲು ತಾನಾಗಿ ಬಾರಿನ ಕಡೆ ತಿರುಗುವ ಹೊತ್ತಿಗೆ, ಹೋಗಿ ಕೂರಲು ಬೇರೊಂದು ಜಾಗ ಇರಲೇಬೇಕು. ನನಗೆ ಆ ಜಾಗ ಸಿಕ್ಕಿದ್ದು ಎ.ಎ. ಎಂದು ಕರೆಯುವ ಆಲ್ಕೊಹಾಲಿಕ್ಸ್ ಅನಾನಿಮಸ್ ಮೀಟಿಂಗಿನಲ್ಲಿ. 1935ರಲ್ಲಿ ಅಮೆರಿಕದ ಆ್ಯಕ್ರನ್ ನಗರದಲ್ಲಿ, ಷೇರುಪೇಟೆಯಲ್ಲಿ ದುಡಿದಿದ್ದ ಒಬ್ಬರು ಮತ್ತು ಒಬ್ಬ ವೈದ್ಯರು, ಇಬ್ಬರೂ ಕುಡಿತಕ್ಕೆ ಸಿಕ್ಕಿಕೊಂಡಿದ್ದವರು, ಕುಡಿಯದೆ ಇರಲು ಒಬ್ಬರಿಗೊಬ್ಬರು ಜೊತೆಯಾದಾಗ ಅದು ಶುರುವಾಯಿತು. ಇಂದಿಗೂ ಅಲ್ಲಿ ನಡೆಯುವುದು ಅದೇ. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ.

ಹುಡುಕುವ ಬಗೆ ಹೇಳುತ್ತೇನೆ. ಎ.ಎ.ಯ ಭಾರತದ ಜಾಲತಾಣದಲ್ಲಿ ಸಹಾಯವಾಣಿಯ ಸಂಖ್ಯೆ ಸಿಗುತ್ತದೆ. ಕರೆ ಮಾಡಿದರೆ ಎತ್ತುವವರು ಬಹುಮಟ್ಟಿಗೆ ಕುಡಿತ ಬಿಟ್ಟವರೇ ಆಗಿರುತ್ತಾರೆ. ಯಾವ ವಾರ, ಎಷ್ಟು ಹೊತ್ತಿಗೆ, ಕನ್ನಡದಲ್ಲಿ ನಡೆಯುತ್ತದೆಯೇ ಎಂದು ಕೇಳಿಕೊಳ್ಳಿ, ಏಕೆಂದರೆ ಬೇರೆ ಭಾಷೆಯಲ್ಲಿ ಮನಸ್ಸು ಬಿಚ್ಚುವುದು ಕಷ್ಟ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಿದರೂ ದಾರಿ ಸಿಗಬಹುದು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಉಚಿತ. ಹಳ್ಳಿಯ ಕಡೆಯವರಾದರೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿ: ಜನಜಾಗೃತಿ ವೇದಿಕೆಯೊಂದಿಗೆ ಅವರು ನಡೆಸುವ ಮದ್ಯವರ್ಜನ ಶಿಬಿರಗಳಿಂದ ಹೊರಬಂದವರಿಗಾಗಿ ನವಜೀವನ ಸಮಿತಿಗಳಿವೆ. ಶಿಬಿರಕ್ಕಿಂತ ಆ ಸಮಿತಿಯೇ ನಿಮ್ಮ ತಮ್ಮನಿಗೆ ಹೆಚ್ಚು ಬೇಕಾದದ್ದು ಎಂದು ನನ್ನ ಅಭಿಪ್ರಾಯ.

ಊರಿನವರ ಅಳುಕು ನನಗೂ ಇತ್ತು. ಆದ್ದರಿಂದ ಮೊದಲ ಎಂಟು ತಿಂಗಳು ಬಸ್ಸು ಹತ್ತಿ ಪಕ್ಕದ ಊರಿನ ಮೀಟಿಂಗಿಗೆ ಹೋಗುತ್ತಿದ್ದೆ. ಚರ್ಚಿನ ಹಿಂದಿನ ಒಂದು ಕೋಣೆ, ಹತ್ತು ಹನ್ನೆರಡು ಪ್ಲಾಸ್ಟಿಕ್ ಕುರ್ಚಿ. ಮೊದಲ ದಿನ ಚಹಾ ಹಂಚುತ್ತಿದ್ದ ಹಿರಿಯರು ಎಲ್ಲರಿಗೂ ಲೋಟದ ತುಂಬ ಕೊಟ್ಟು ನನಗೆ ಮಾತ್ರ ಅರ್ಧ ಲೋಟ ಕೊಟ್ಟರು. ನನ್ನ ಕೈ ನಡುಗುವುದನ್ನು ಅವರು ನೋಡಿದ್ದರು. ತುಂಬಿದ ಲೋಟವಾಗಿದ್ದರೆ ಎಲ್ಲರೆದುರು ಚೆಲ್ಲಿಕೊಳ್ಳುತ್ತಿದ್ದೆ. ಅಂದು ನಾನು ಬಾಯಿ ಬಿಡಲಿಲ್ಲ, ಯಾರೂ ಬಲವಂತ ಮಾಡಲಿಲ್ಲ. ಹೊರಡುವಾಗ ಅವರು ತಮ್ಮ ಫೋನ್ ಸಂಖ್ಯೆ ಬರೆದುಕೊಟ್ಟು, "ಕುಡಿಯುವ ಮೊದಲು ಕರೆ ಮಾಡು, ಕುಡಿದ ಮೇಲಲ್ಲ" ಎಂದರು. ಒಂದು ಮೀಟಿಂಗ್ ಹಿಡಿಸಲಿಲ್ಲವೆಂದು ತಮ್ಮ ಬಿಟ್ಟುಬಿಡದಿರಲಿ. ಗುಂಪಿನಿಂದ ಗುಂಪಿಗೆ ವ್ಯತ್ಯಾಸವಿರುತ್ತದೆ, ಐದಾರು ಬಾರಿ ಹೋದ ಮೇಲೆ ತೀರ್ಮಾನಿಸಲಿ.

ಸರ್ಕಾರಿ ಆಸ್ಪತ್ರೆಯ ಒಬ್ಬ ನರ್ಸ್:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ನಿಮ್ಮ ತಮ್ಮ ಈಗ ದಿನವೂ ಕುಡಿಯುತ್ತಿದ್ದರೆ ಮೀಟಿಂಗಿಗೂ ಮೊದಲು ವೈದ್ಯರನ್ನು ಕಾಣಿಸಿ. ವರ್ಷಗಟ್ಟಲೆ ಕುಡಿದವರು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಸುಮಾರಿಗೆ ಇಲ್ಲದ್ದು ಕಾಣುವುದು, ಗಾಬರಿ, ಜ್ವರ ಕಾಣಿಸಿಕೊಂಡರೆ ಜೀವಕ್ಕೇ ಅಪಾಯ. ಇನ್ನೊಂದು ಮಾತು: ಯಾರೋ ಹೇಳಿದರೆಂದು "ಕುಡಿತ ಬಿಡಿಸುವ ಮಾತ್ರೆ"ಯನ್ನು ಅವನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಬೇಡಿ. ಅದು ಡೈಸಲ್ಫಿರಾಮ್ ಎಂಬ ಔಷಧವಾಗಿದ್ದರೆ, ಅದರ ಮೇಲೆ ಮದ್ಯ ಬಿದ್ದಾಗ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಕುತ್ತು ಬರಬಹುದು. ರಾತ್ರಿ ಹೊತ್ತಿನಲ್ಲಿ ಮಾತನಾಡಲು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ.

ಮೈಸೂರಿನಿಂದ, ಕುಡಿತ ಬಿಟ್ಟವರ ಹೆಂಡತಿ:

ತಂಗೀ, ನಿಮ್ಮ ಬಗ್ಗೆಯೂ ಒಂದು ಮಾತು. ಕುಡಿಯುವವರ ಮನೆಯವರಿಗೆಂದೇ ಅಲ್‌-ಅನಾನ್ ಎಂಬ ಗುಂಪಿದೆ. ನಮ್ಮವರ ಕಚೇರಿಗೆ ನಾನೇ ಫೋನ್ ಮಾಡಿ "ಜ್ವರ ಬಂದಿದೆ" ಎಂದು ಸುಳ್ಳು ಹೇಳುತ್ತಿದ್ದೆ, ಅವರ ಸಾಲವನ್ನು ನನ್ನ ಬಳೆ ಅಡವಿಟ್ಟು ತೀರಿಸುತ್ತಿದ್ದೆ. ಅದನ್ನೆಲ್ಲ ಪ್ರೀತಿಯೆಂದೇ ತಿಳಿದಿದ್ದೆ. ಅವರ ಕುಡಿತದ ಪೆಟ್ಟು ಅವರಿಗೆ ತಾಗದಂತೆ ನಾನೇ ಅಡ್ಡ ನಿಂತಿದ್ದೇನೆಂದು ಅರ್ಥವಾದದ್ದು ಅಲ್ಲಿ, ನನ್ನಂಥ ಹೆಂಗಸರ ನಡುವೆ ಕುಳಿತಾಗ. ಸುಳ್ಳು ನಿಲ್ಲಿಸಿದ ಮೇಲೆ ಮನೆಯಲ್ಲಿ ಕೆಲವು ವಾರ ಬಹಳ ಕಷ್ಟವಾಯಿತು, ಆದರೆ ಮೀಟಿಂಗಿನ ವಿಳಾಸವನ್ನು ಅವರೇ ಬಾಯಿಬಿಟ್ಟು ಕೇಳಿದ್ದು ಆಗಲೇ. ನಿಮ್ಮ ತಮ್ಮ ಆಗಲೇ ಕೇಳುತ್ತಿದ್ದಾನೆ, ಆದ್ದರಿಂದ ತಡಮಾಡಬೇಡಿ. ಮೊದಲ ದಿನ ಜೊತೆಗೆ ಹೋಗುವುದಾದರೆ ಮನೆಯವರೂ ಕೂರಬಹುದಾದ ಓಪನ್ ಮೀಟಿಂಗ್ ಯಾವ ದಿನವೆಂದು ಮೊದಲೇ ವಿಚಾರಿಸಿ. ಅದಿಲ್ಲದಿದ್ದರೆ ಬಾಗಿಲ ತನಕ ಬಿಟ್ಟು, ಮುಗಿಯುವವರೆಗೆ ಬಸ್ ನಿಲ್ದಾಣದಲ್ಲಿ ಕಾದಿರಿ.